ಬಂಡೆಯೊಳಗೆ ಸೋರಿದ ದ್ರವ: ಒಂದು ಸಿದ್ಧಾಂತದ ಚರಿತ್ರೆ

ಭೂಮಿಯ ಆಳದಲ್ಲಿ ಬಂಡೆ ಸೀಳುವುದನ್ನು ಯಾರೂ ಕಣ್ಣಾರೆ ಕಾಣಲಾರರು. ಬಾವಿಯೊಳಕ್ಕೆ ಎಷ್ಟು ದ್ರವವನ್ನು ಯಾವ ಒತ್ತಡದಿಂದ ನೂಕಲಾಯಿತೆಂಬುದನ್ನು ಮೇಲೆ ನಿಂತವರು ಅಳೆಯಬಲ್ಲರು. ಬಿರುಕು ಯಾವ ದಿಕ್ಕಿಗೆ, ಎಷ್ಟು ದೂರ ಹಬ್ಬಿತೆಂಬುದನ್ನು ಮಾತ್ರ ಲೆಕ್ಕದಿಂದಲೇ ಊಹಿಸಬೇಕು. ಈ ಲೆಕ್ಕದ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಬಂಡೆಯ ರಂಧ್ರಗಳಿಗೆ ಸೋರಿಹೋದ ದ್ರವವನ್ನು ವಿದ್ವಾಂಸರು ಯಾವ ಖಾತೆಗೆ ಬರೆದರೆಂಬ ಪ್ರಶ್ನೆಯೇ ಈ ಚರಿತ್ರೆಯ ಮುಖ್ಯ ಸೂತ್ರವೆಂದು ನಮ್ಮ ಅಭಿಪ್ರಾಯ.

1947ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಹ್ಯೂಗೋಟನ್ ಅನಿಲಕ್ಷೇತ್ರದಲ್ಲಿ ಸ್ಟ್ಯಾನೊಲಿಂಡ್ ಕಂಪನಿಯವರು ಸುಮಾರು 2,400 ಅಡಿ ಆಳದ ಸುಣ್ಣಕಲ್ಲಿನೊಳಕ್ಕೆ ಮಂದಗೊಳಿಸಿದ ಗ್ಯಾಸೊಲಿನ್ನನ್ನು ನೂಕಿ ಬಂಡೆಯನ್ನು ಸೀಳಲು ಪ್ರಯತ್ನಿಸಿದರು. ಆ ಬಾವಿಯ ಉತ್ಪತ್ತಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಆದರೂ 1949ರ ಮಾರ್ಚಿ ತಿಂಗಳಲ್ಲಿ ಒಕ್ಲಹೋಮ ಮತ್ತು ಟೆಕ್ಸಾಸ್ ಸಂಸ್ಥಾನಗಳಲ್ಲಿ ಈ ವಿಧಾನ ವಾಣಿಜ್ಯರೂಪದಲ್ಲಿ ಬಳಕೆಗೆ ಬಂದಿತು. ಕೆಲಸ ಮುಂದೆ ನಡೆಯಿತು; ಸಿದ್ಧಾಂತ ಅದರ ಬೆನ್ನು ಹತ್ತಿತು.

ಮೊದಲನೆಯ ವಿವಾದ ಬಿರುಕಿನ ದಿಕ್ಕನ್ನು ಕುರಿತದ್ದು. ದ್ರವವು ಮೇಲಿನ ಸ್ತರಗಳ ಭಾರವನ್ನೆಲ್ಲ ಎತ್ತಿ ಅಡ್ಡಲಾಗಿ ಹಬ್ಬುವುದೆಂದು ಹಲವರು ನಂಬಿದ್ದರು. ಆದರೆ ಆ ಭಾರಕ್ಕಿಂತ ಕಡಿಮೆ ಒತ್ತಡದಲ್ಲಿಯೇ ಅನೇಕ ಬಾವಿಗಳಲ್ಲಿ ಬಂಡೆ ಸೀಳುತ್ತಿದ್ದಿತು. ಬಂಡೆಯನ್ನು ಅದುಮುವ ಬಲಗಳಲ್ಲಿ ಅತ್ಯಲ್ಪವಾದುದು ಯಾವ ದಿಕ್ಕಿನದೋ ಆ ದಿಕ್ಕಿಗೆ ಲಂಬವಾಗಿ ಬಿರುಕು ತೆರೆಯುತ್ತದೆಂದು ಕಿಂಗ್ ಹಬರ್ಟ್ ಮತ್ತು ಡೇವಿಡ್ ವಿಲ್ಲಿಸ್ 1957ರಲ್ಲಿ ಪ್ರತಿಪಾದಿಸಿದರು. ಅದುಮಿದ ಜೆಲಟಿನ್ ಮುದ್ದೆಯೊಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಕಲಕವನ್ನು ನೂಕಿ, ಅದು ಗಟ್ಟಿಯಾದ ಮೇಲೆ ಬಿರುಕಿನ ಆಕಾರವನ್ನು ಅವರು ಪ್ರತ್ಯಕ್ಷವಾಗಿ ತೋರಿಸಿದರು.

ಎರಡನೆಯ ಪ್ರಶ್ನೆ ಬಿರುಕಿನ ಉದ್ದ ಹಾಗೂ ಅಗಲಗಳದು. 1955ರಲ್ಲಿ ರೋಮಿನಲ್ಲಿ ನಡೆದ ವಿಶ್ವ ಪೆಟ್ರೋಲಿಯಂ ಸಮ್ಮೇಳನದಲ್ಲಿ ಸೋವಿಯತ್ ವಿದ್ವಾಂಸರಾದ ಕ್ರಿಸ್ತಿಯಾನೊವಿಚ್ ಮತ್ತು ಝೆಲ್ತೊವ್ ಒಂದು ಗಣಿತರೂಪವನ್ನು ಮಂಡಿಸಿದರು. 1961ರಲ್ಲಿ ಪರ್ಕಿನ್ಸ್ ಮತ್ತು ಕರ್ನ್ ಇನ್ನೊಂದನ್ನು ಕೊಟ್ಟರು. ಮೊದಲನೆಯದು ಉದ್ದಕ್ಕಿಂತ ಎತ್ತರ ಹೆಚ್ಚಾದ ಬಿರುಕಿಗೂ ಎರಡನೆಯದು ಎತ್ತರಕ್ಕಿಂತ ಉದ್ದ ಹೆಚ್ಚಾದ ಬಿರುಕಿಗೂ ಸಲ್ಲುತ್ತದೆ. ಹೀಗೆ ಅಮೆರಿಕ ಮತ್ತು ರಷ್ಯಗಳು ವಿರೋಧಿ ಬಣಗಳಾಗಿದ್ದ ಕಾಲದಲ್ಲಿಯೂ ಒಂದೇ ಸಮಸ್ಯೆ ಎರಡು ಕಡೆಗಳಲ್ಲಿ ವಿಚಾರಕ್ಕೆ ಒಳಗಾಗಿದ್ದಿತು.

ಆದರೆ ಬಂಡೆಯು ಗಾಜಿನ ಪಾತ್ರೆಯಲ್ಲ. ಮರಳಿನೊಳಗೆ ನೀರು ಹರಿಯುವ ನಿಯಮವನ್ನು ಆರಿ ದಾರ್ಸಿ 1856ರಲ್ಲಿಯೇ ಪ್ರಕಟಿಸಿದ್ದನು. ಬಿರುಕಿನ ಗೋಡೆಗಳಿಂದಲೂ ದ್ರವವು ಹಾಗೆಯೇ ಸೋರುತ್ತದೆ. ಗೋಡೆಯ ಒಂದು ಭಾಗ ದ್ರವಕ್ಕೆ ತೆರೆದುಕೊಂಡ ಕ್ಷಣದಿಂದ ಕಳೆದ ಕಾಲದ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿ ಅಲ್ಲಿನ ಸೋರಿಕೆಯ ವೇಗ ಇಳಿಯುತ್ತದೆಂದು ಕಾರ್ಟರ್ 1957ರಲ್ಲಿ ಲೆಕ್ಕ ಹಾಕಿದನು. ನೂಕಿದ ದ್ರವದ ಮೊತ್ತವು ಬಿರುಕಿನಲ್ಲಿ ಉಳಿದುದು ಮತ್ತು ಸೋರಿದುದು ಇವೆರಡರ ಕೂಡುಮೊತ್ತಕ್ಕೆ ಸಮ. ಸೋರಿಕೆ ಹೆಚ್ಚಿದಷ್ಟೂ ಬಿರುಕು ಕುಗ್ಗುತ್ತದೆ. 1972ರಲ್ಲಿ ನಾರ್ಡ್‌ಗ್ರೆನ್ ಈ ಸೋರಿಕೆಯನ್ನು ಪರ್ಕಿನ್ಸ್ ಮತ್ತು ಕರ್ನ್‌ರ ರೂಪಕ್ಕೆ ಸೇರಿಸಿದನು.

ಈ ಲೆಕ್ಕಗಳಲ್ಲಿ ಸೋರಿದ ದ್ರವಕ್ಕೆ ‘ನಷ್ಟ’ವೆಂದು ಹೆಸರು. ಕೆಲಸ ಮಾಡಿಸುವವನಿಗೆ ಅದು ನಷ್ಟವೇ ಸರಿ; ಬಂಡೆಯ ಮಟ್ಟಿಗೆ ಅದು ಜಮೆ. ರಂಧ್ರಗಳಲ್ಲಿ ಒತ್ತಡ ಏರಿದರೆ ಸ್ತರಭಂಗದ ಎರಡು ಪಕ್ಕಗಳನ್ನು ಬಿಗಿಹಿಡಿದ ಘರ್ಷಣೆ ಸಡಿಲವಾಗುತ್ತದೆಂಬುದನ್ನು ಹಬರ್ಟ್ ಮತ್ತು ರೂಬಿ 1959ರಲ್ಲಿಯೇ ವಿವರಿಸಿದ್ದರು. ಅದರ ಸಾಕ್ಷ್ಯ ದೊರೆತದ್ದು ಎಣ್ಣೆಯ ಬಾವಿಯಲ್ಲಲ್ಲ, ಸೈನ್ಯದ ತ್ಯಾಜ್ಯದ ಬಾವಿಯೊಂದರಲ್ಲಿ.

ಕೊಲೊರಾಡೋದ ಡೆನ್ವರ್ ನಗರದ ಸಮೀಪ ರಾಕಿ ಮೌಂಟನ್ ಶಸ್ತ್ರಾಗಾರದವರು 1962ರ ಮಾರ್ಚಿಯಿಂದ 12,045 ಅಡಿ ಆಳದ ಬಾವಿಯೊಳಕ್ಕೆ ಕಲುಷಿತ ನೀರನ್ನು ನೂಕತೊಡಗಿದರು. ಅದೇ ವರ್ಷ ಅಲ್ಲಿ ಸಣ್ಣ ಭೂಕಂಪಗಳು ಆರಂಭವಾದುವು. ಭೂವಿಜ್ಞಾನಿ ಡೇವಿಡ್ ಎವನ್ಸ್ ಬಾವಿಯ ಲೆಕ್ಕಪತ್ರವನ್ನೂ ಭೂಕಂಪಗಳ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದನು. ನೀರು ನೂಕುವುದು ನಿಂತಿದ್ದ ಸುಮಾರು ಒಂದು ವರ್ಷ ಕಂಪನಗಳೂ ಇಳಿದಿದ್ದುವು. ಎರಡು ದಾಖಲೆಗಳನ್ನು ತಾಳೆ ನೋಡುವ ಈ ಕ್ರಮ ಚರಿತ್ರಕಾರನದೇ ಆಗಿದೆ. 1965ರ ನವೆಂಬರಿನಲ್ಲಿ ಅವನು ತನ್ನ ನಿರ್ಣಯವನ್ನು ಬಹಿರಂಗಪಡಿಸಿದನು; 1966ರ ಫೆಬ್ರವರಿಯಲ್ಲಿ ನೂಕುವುದು ನಿಂತಿತು. ಆದರೆ ಅತಿ ದೊಡ್ಡ ಕಂಪನಗಳು ಸಂಭವಿಸಿದುದು 1967ರಲ್ಲಿ. ಪಂಪು ನಿಂತರೂ ಒತ್ತಡವು ಬಂಡೆಯ ಸಂದುಗಳಲ್ಲಿ ಮೆಲ್ಲಗೆ ಹರಡುತ್ತಲೇ ಇದ್ದಿತು. ಅದೇ ಕೊಲೊರಾಡೋದ ರೇಂಜ್ಲಿ ಎಣ್ಣೆಕ್ಷೇತ್ರದಲ್ಲಿ 1969ರಿಂದ 1973ರವರೆಗೆ ಸರ್ಕಾರಿ ಭೂವಿಜ್ಞಾನಿಗಳು ಒತ್ತಡವನ್ನು ಏರಿಸಿ ಇಳಿಸಿ ಕಂಪನಗಳನ್ನು ಹೆಚ್ಚಿಸಿಯೂ ತಗ್ಗಿಸಿಯೂ ತೋರಿಸಿದರು.

ಪಾಠ ಇಷ್ಟು ಸ್ಪಷ್ಟವಾಗಿದ್ದರೂ ಅದು ವ್ಯವಹಾರಕ್ಕೆ ಇಳಿಯಲು ಬಹುಕಾಲ ಹಿಡಿಯಿತು. 2016ರ ಸೆಪ್ಟೆಂಬರಿನಲ್ಲಿ ಒಕ್ಲಹೋಮದ ಪಾನೀ ಎಂಬಲ್ಲಿ 5.8 ಪ್ರಮಾಣದ ಭೂಕಂಪವಾಯಿತು. ಅದಕ್ಕೆ ಕಾರಣವೆಂದು ವಿದ್ವಾಂಸರು ಎಣಿಸಿದುದು ಬಂಡೆ ಸೀಳುವ ಕ್ರಿಯೆಯನ್ನಲ್ಲ. ಎಣ್ಣೆಯೊಡನೆ ಮೇಲೆ ಬಂದ ಉಪ್ಪುನೀರನ್ನು ಮರಳಿ ಆಳಕ್ಕೆ ನೂಕಿದುದನ್ನು. ಇವೆರಡನ್ನೂ ಒಂದೇ ಎಂದು ಭಾವಿಸುವುದು ತಪ್ಪು. ಆದರೆ ಸೋರಿದ ದ್ರವ ತನ್ನ ಒತ್ತಡವನ್ನು ಒಯ್ಯುತ್ತದೆಂಬ ನಿಯಮ ಎರಡಕ್ಕೂ ಸಮಾನ. ಯಾವುದೇ ಸಿದ್ಧಾಂತವನ್ನು ಓದುವಾಗ ಅದು ವಿವರಿಸಿದುದನ್ನು ನೋಡಿದರೆ ಸಾಲದು. ಅದು ಯಾವುದನ್ನು ನಷ್ಟದ ಖಾತೆಗೆ ಬರೆದು ಮರೆತಿದೆಯೆಂಬುದನ್ನೂ ವಿದ್ಯಾರ್ಥಿಗಳು ವಿಚಾರಿಸಬೇಕು.