ಹಲಸಿಯಲ್ಲಿ ‘ಹೋಟೆಲ್’ ಕೇಳಿದರೆ

ತಂಗಲು ಜಾಗ ಬೇಕಾಗಿ ‘ಹೋಟೆಲ್ ಎಲ್ಲಿದೆ?’ ಎಂದು ಹಲಸಿಯಲ್ಲಿ ಕೇಳಿದ ಪರದೇಶದ ಪ್ರವಾಸಿಗೆ ನಮ್ಮವರು ಚಹಾದಂಗಡಿ ತೋರಿಸಿದರೆ ತಪ್ಪು ಯಾರದೂ ಅಲ್ಲ. ಇಂಗ್ಲಿಷಿನಲ್ಲಿ ಅದು ಮಲಗುವ ಜಾಗ, ಕನ್ನಡದಲ್ಲಿ ಉಣ್ಣುವ ಜಾಗ. ಮಲಗುವುದಕ್ಕೆ ನಮ್ಮಲ್ಲಿ ‘ಲಾಡ್ಜ್’ ಇದೆ. ರೊಟ್ಟಿ ಊಟಕ್ಕೆ ಬೆಳಗಾವಿ ಕಡೆ ‘ಖಾನಾವಳಿ’. ‘ರೂಮು ಸಿಗುತ್ತದೆಯೇ’ ಎಂದು ಕೇಳುವುದೇ ವಾಸಿ. ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಹಳೆಯ ಫಲಕಗಳು ಎರಡನ್ನೂ ಬಿಡಿಸಿ ಹೇಳುತ್ತಿದ್ದವು. ಅಲ್ಲಿನ ‘ಬೋರ್ಡ್’ ಊಟದ ಮೇಜು. ನಾನು ಬಹುಕಾಲ ನಾಮಫಲಕವೆಂದೇ ತಿಳಿದಿದ್ದೆ!

‘ಹೋಟೆಲ್’, ‘ಹಾಸ್ಪಿಟಲ್’ ಎರಡರ ಮೂಲವೂ ಅತಿಥಿಗೆ ಸಂಬಂಧಿಸಿದ ಲ್ಯಾಟಿನ್ ಪದ. ಅದು ನಮ್ಮ ಕಿವಿಗೆ ಬೀಳುವುದಕ್ಕೆ ಎಷ್ಟೋ ಮೊದಲು, ಅತಿಥಿಯ ಖರ್ಚು ಯಾರದು ಎಂಬ ಪ್ರಶ್ನೆಗೆ ಹಲಸಿ ಉತ್ತರ ಬರೆದಿಟ್ಟಿತ್ತು. ಆಗ ಇದು ಪಲಾಶಿಕಾ, ಕದಂಬರ ನಗರ. ರವಿವರ್ಮನ ಕಾಲದ ಸಂಸ್ಕೃತ ತಾಮ್ರಶಾಸನವೊಂದರ ಕಟ್ಟಳೆ ಹೀಗಿದೆ: ಪುರುಖೇಟಕ ಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕದಲ್ಲಿ 8 ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ 4 ತಿಂಗಳು ಯತಿಗಳ ಪೋಷಣೆಯಾಗಬೇಕು. ಜೈನ ಯತಿಗಳು ಮಳೆಗಾಲದಲ್ಲಿ ಊರೂರು ಅಲೆಯುವುದಿಲ್ಲ, ಒಂದೇ ಕಡೆ ನಿಲ್ಲುತ್ತಾರೆ. ಖಾನಾಪುರದ ಮಳೆ ಕಂಡವರಿಗೆ ಆ 4 ತಿಂಗಳು ಎಂದರೇನೆಂದು ಗೊತ್ತು. ಅಲ್ಲಿ ತಂಗುವುದನ್ನೂ ಉಣ್ಣುವುದನ್ನೂ ಬೇರೆ ಮಾಡುವಂತಿಲ್ಲ.

ಈ ಶಾಸನವನ್ನು ಜೆ.ಎಫ್. ಫ್ಲೀಟ್ 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದನ್ನು ಓದುವಾಗ ನನ್ನ ಗಮನ ರಾಜನಿಗಿಂತ, ಯತಿಗಳಿಗಿಂತ, ಪುರುಖೇಟಕದ ಒಕ್ಕಲುಗಳ ಕಡೆಗೇ ಹೋಗುತ್ತದೆ. ಬಿಲ್ ಕಟ್ಟಿದವರು ಅವರು.