ತಾಡಪತ್ರಿಯ ಕಥೆ: ನಮ್ಮ ಪಿಕಪ್ ಗಾಡಿಗೆ ಯಾವ ಹೊದಿಕೆ?

ಒಂದು ಜೂನ್ ತಿಂಗಳಲ್ಲಿ ಪಠ್ಯಪುಸ್ತಕ ತರಲು ನಾವು ಬಾಡಿಗೆ ಪಿಕಪ್ ಮಾಡಿಕೊಂಡು ಹೋಗಿದ್ದೆವು. ಹೋಗುವಾಗ ಬಿಸಿಲಿತ್ತು. ತಿರುಗಿ ಬರುವಾಗ ಗಡಹಿಂಗ್ಲಜ ಇನ್ನೂ ದೂರವಿರುವಾಗಲೇ ಮಳೆ ಹಿಡಿಯಿತು. ಗಾಡಿಗೆ ಹೊದಿಸಿದ್ದು ತೆಳುವಾದ ನೀಲಿ ಪ್ಲಾಸ್ಟಿಕ್ ಹಾಳೆ. ಗಾಳಿಗೆ ಅದರ ಒಂದು ಮೂಲೆ ಕಿತ್ತಿತು, ನಡುವೆ ತಗ್ಗಿನಲ್ಲಿ ನಿಂತಿದ್ದ ನೀರೆಲ್ಲ ಒಮ್ಮೆಲೇ ಪುಸ್ತಕದ ಗಂಟುಗಳ ಮೇಲೆ ಸುರಿಯಿತು. ಶಾಲೆಗೆ ಬಂದು ಬಿಚ್ಚಿ ನೋಡಿದರೆ ಮೂರನೇ ಇಯತ್ತೆಯ ಕನ್ನಡ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮರಾಠಿ ಪುಸ್ತಕ ಕೆಟ್ಟರೆ ಪಕ್ಕದ ಊರಿನ ಶಾಲೆಯಿಂದ ಕೇಳಿ ತರಬಹುದು. ನಮಗೆ ಆ ಅನುಕೂಲವಿಲ್ಲ. ಗಡಿಯಾಚೆ ಹತ್ತಿರದಲ್ಲೇ ಇರುವ ಸಂಕೇಶ್ವರದ ತುಂಬ ಕನ್ನಡ ಶಾಲೆಗಳಿವೆ, ಆದರೆ ಅಲ್ಲಿಯ ಪಠ್ಯ ಬೇರೆ. ನಮ್ಮ ಮಕ್ಕಳ ಪುಸ್ತಕ ಸಿದ್ಧವಾಗುವುದು 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿಯಲ್ಲಿ. ಆ ವರ್ಷ ನಮ್ಮ ಮಕ್ಕಳು ಇಬ್ಬರಿಗೊಂದು ಪುಸ್ತಕದಂತೆ ಓದಿದರು. ಅಂದಿನಿಂದ ಗಾಡಿಯ ಹೊದಿಕೆ ಎಂದರೆ ಸಣ್ಣ ಮಾತು ಎಂದು ನಮಗೆ ಅನಿಸಿಲ್ಲ.

ಮೊದಲು ಹೆಸರನ್ನೇ ನೋಡೋಣ. ಇಲ್ಲಿ ಮರಾಠಿಯವರೂ ನಾವೂ ಇದನ್ನು ತಾಡಪತ್ರಿ ಎನ್ನುತ್ತೇವೆ. ಅರ್ಥ ಕೇಳಿದರೆ ಜಾಣ ಮಕ್ಕಳು, ತಾಡ ಎಂದರೆ ತಾಳೆ, ಪತ್ರ ಎಂದರೆ ಎಲೆ, ಆದ್ದರಿಂದ ತಾಳೆಗರಿ ಎಂದು ಬಿಡಿಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಇದು ಇಂಗ್ಲಿಷಿನ ಟಾರ್ಪಾಲಿನ್ ನಮ್ಮ ಬಾಯಲ್ಲಿ ಪಡೆದ ರೂಪ. ಹಡಗಿನವರು ದಪ್ಪ ಬಟ್ಟೆಗೆ ಟಾರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದರು. ಆ ಹಡಗಿನ ಬಟ್ಟೆಯೇ ರೈಲು, ಲಾರಿಗಳ ಜೊತೆ ನಮ್ಮ ಬಯಲುಸೀಮೆಗೂ ಬಂತು.

ಅದಕ್ಕೂ ಮುಂಚೆ ನಮ್ಮ ಚಕ್ಕಡಿಗಳಿಗೆ ಇದ್ದದ್ದು ಗೋಣಿತಟ್ಟು ಮತ್ತು ಕರೀ ಕಂಬಳಿ. ಮರಾಠಿಯಲ್ಲಿ ಘೋಂಗಡಿ ಎನ್ನುವುದು ಇದನ್ನೇ. ಉಣ್ಣೆ ಮಳೆಯನ್ನು ತಕ್ಷಣ ಒಳಗೆ ಬಿಡುವುದಿಲ್ಲ. ಅದಕ್ಕೇ ರೈತನ ತಲೆಯ ಮೇಲಿನ ಕೊಪ್ಪೆಯೂ ಅದೇ, ಗಾಡಿಯ ಹೊದಿಕೆಯೂ ಅದೇ.

ಸಾಗಾಟದ ಸ್ವರೂಪ ಬದಲಾದದ್ದು ಕೊಲ್ಹಾಪುರಕ್ಕೆ ರೈಲು ಬಂದ ಮೇಲೆ. ಮಿರಜ-ಕೊಲ್ಹಾಪುರ ಮಾರ್ಗ 1891ರಲ್ಲಿ ತೆರೆಯಿತು. 1895ರಲ್ಲಿ ಶಾಹೂ ಮಹಾರಾಜರು ಶಾಹೂಪುರಿಯಲ್ಲಿ ಬೆಲ್ಲದ ಪೇಟೆ ಕಟ್ಟಿಸಿದರು. ಕೊಲ್ಹಾಪುರದ ಬೆಲ್ಲ ಹೆಸರುವಾಸಿಯಾಯಿತು, 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಗಡಹಿಂಗ್ಲಜಕ್ಕೆ ಮಾತ್ರ ಇಂದಿಗೂ ರೈಲಿಲ್ಲ. ಇಲ್ಲಿಯ ಮಾಲು ಅಂದು ಚಕ್ಕಡಿಯಲ್ಲಿ, ಇಂದು ಲಾರಿ, ಪಿಕಪ್‌ಗಳಲ್ಲಿ ರಸ್ತೆ ಹಿಡಿದೇ ಹೋಗಬೇಕು.

ಬೆಲ್ಲ ಕಲಿಸುವ ಪಾಠ ವಿಚಿತ್ರವಾದದ್ದು. ಅದು ಕೆಡಲು ಮಳೆಯೇ ಬೇಕಿಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ಬಿಸಿ ಆರದ ಪೆಂಟಿಗಳನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ಒಳಗಿನ ಹಬೆಯೇ ಹನಿಯಾಗಿ ಮತ್ತೆ ಬೆಲ್ಲದ ಮೇಲೆ ಬೀಳುತ್ತದೆ. ಹತ್ತಿಯ ಕ್ಯಾನ್ವಾಸ್ ಹಾಗಲ್ಲ. ಒಣಗಿದ್ದಾಗ ಗಾಳಿ ಆಡಲು ಬಿಡುತ್ತದೆ. ನೆನೆದಾಗ ನೂಲು ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ಆದರೆ ಅದು ಭಾರ, ಒದ್ದೆಯಾದರೆ ಇನ್ನೂ ಭಾರ, ಒಣಗಿಸದೆ ಮಡಿಚಿಟ್ಟರೆ ಕೊಳೆಯುತ್ತದೆ.

ಇಚಲಕರಂಜಿಯದು ಇನ್ನೊಂದು ಪಾಠ. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಆ ಊರು ಮುಂದೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿತು. ಅಲ್ಲಿಂದ ಹೊರಡುವ ಕೋರಾ ಬಟ್ಟೆಯ ನೂಲಿಗೆ ಗಂಜಿ ಹಾಕಿರುತ್ತಾರೆ. ತೇವ ತಗುಲಿದರೆ ಆ ಗಂಜಿಗೇ ಬೂಷ್ಟು ಹಿಡಿಯುತ್ತದೆ, ಗಾಡಿಯ ಕಬ್ಬಿಣಕ್ಕೆ ತಾಗಿದರೆ ತುಕ್ಕಿನ ಕಲೆ ಬೀಳುತ್ತದೆ. ಆದ್ದರಿಂದ ಬಟ್ಟೆಗೆ ಮೇಲೊಂದು ಹೊದಿಕೆ ಸಾಲದು, ಕೆಳಗೂ ಒಂದು ಹಾಸು ಬೇಕು.

ಮುಂದೆ ಪ್ಲಾಸ್ಟಿಕ್ ದಾರದಿಂದ ನೇಯ್ದ ಹಗುರ ತಾಡಪತ್ರಿಗಳು ಬಂದವು. ಚಿಕ್ಕ ಗಾಡಿಗಳೂ ಹೆಚ್ಚಿದವು. 2005ರಲ್ಲಿ ಬಂದ ಟಾಟಾ ಏಸ್ ಜನರ ಬಾಯಲ್ಲಿ ಛೋಟಾ ಹಾಥಿ ಆಯಿತು. ಒಂದೇ ಗಾಡಿ ಇಂದು ಬೆಲ್ಲ, ನಾಳೆ ಬಟ್ಟೆ, ನಾಡಿದ್ದು ಪುಸ್ತಕ ಹೊರುತ್ತದೆ. ಹೊದಿಕೆ ಮಾತ್ರ ಎಲ್ಲಕ್ಕೂ ಒಂದೇ. ನಮ್ಮ ಪುಸ್ತಕ ನೆನೆದದ್ದೂ ಇದರಿಂದಲೇ. ಹಿಂದಿನವರು ಮಾಲು ನೋಡಿ ಹೊದಿಕೆ ಆರಿಸುತ್ತಿದ್ದರು, ನಾವು ಬೆಲೆ ನೋಡಿ ಆರಿಸುತ್ತೇವೆ.

ಹಾಗಾದರೆ ಪುಸ್ತಕಕ್ಕೆ ಯಾವುದು? ಕೆಲವು ಗಂಟೆಗಳ ಪ್ರಯಾಣದಲ್ಲಿ ಪುಸ್ತಕಕ್ಕೆ ಗಾಳಿ ಬೇಕಿಲ್ಲ, ನೀರು ಬರಬಾರದು ಅಷ್ಟೆ. ಆದ್ದರಿಂದ ಗಟ್ಟಿ ಪ್ಲಾಸ್ಟಿಕ್ ತಾಡಪತ್ರಿಯೇ ಸರಿ. ಆದರೆ ಕೆಳಗೆ ಪೈಪಿನ ಕಮಾನು ಇರಬೇಕು. ಕಮಾನಿದ್ದರೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಅಂಚಿನ ಲೋಹದ ಕಣ್ಣುಗಳಲ್ಲಿ ಒಂದನ್ನೂ ಬಿಡದೆ ಹಗ್ಗ ಕಟ್ಟಬೇಕು. ಗಾಡಿಯ ತಳದಲ್ಲಿ ಹಲಗೆ ಹಾಕಿ ಅದರ ಮೇಲೆ ಗಂಟು ಇಡಬೇಕು.

ಅಳತೆಯನ್ನು ಏಳನೇ ಇಯತ್ತೆಯ ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು. ಗಾಡಿಯ ತೊಟ್ಟಿ 9 ಅಡಿ ಉದ್ದ, 6 ಅಡಿ ಅಗಲ ಎನ್ನಿ. ನಾಲ್ಕೂ ಬದಿಗೆ 3 ಅಡಿ ಇಳಿಬೀಳಬೇಕಾದರೆ 15 ಅಡಿ ಉದ್ದ, 12 ಅಡಿ ಅಗಲದ ತಾಡಪತ್ರಿ ಬೇಕು. ಅಂದರೆ 180 ಚದರ ಅಡಿ, ಸುಮಾರು 16.7 ಚದರ ಮೀಟರ್. ಅಂಗಡಿಯವರು 200 ಜಿಎಸ್ಎಂ ಎಂದರೆ ಒಂದು ಚದರ ಮೀಟರಿಗೆ 200 ಗ್ರಾಂ ಎಂದರ್ಥ. ಹಾಗಾದರೆ ಇಡೀ ತಾಡಪತ್ರಿ 3.3 ಕಿಲೋದಷ್ಟು ತೂಗಬೇಕು. ತಕ್ಕಡಿಗೆ ಹಾಕಿಸಿ ನೋಡಿ, ತುಂಬ ಕಡಿಮೆ ಬಂದರೆ ಕೊಳ್ಳಬೇಡಿ.

ಈಗ ನಾವು ಕಮಾನಿಲ್ಲದ ಗಾಡಿಯನ್ನು ಪುಸ್ತಕಕ್ಕೆ ಹೇಳುವುದಿಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾಗುತ್ತದೆ, ಪಾಲಕರು ಕೂಡಿ ಕೊಡುತ್ತಾರೆ. ಅಂದು ಅಂಟಿಕೊಂಡ ಪುಸ್ತಕಗಳಲ್ಲಿ ಒಂದನ್ನು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಹೊಸದಾಗಿ ಬಂದ ಗುರುಗಳು ಇದೇಕೆ ಎಂದು ಕೇಳಿದಾಗ ಈ ಕಥೆ ಹೇಳುತ್ತೇವೆ. ನಿಮ್ಮೂರಿನ ಹಳೆಯ ಗಾಡಿಯವರನ್ನು ಮಕ್ಕಳಿಂದ ಮಾತನಾಡಿಸಿ. ಏನು ಹೊದಿಸುತ್ತಿದ್ದಿರಿ, ಏಕೆ ಎಂದು ಕೇಳಿಸಿ, ಬರೆಸಿ ಇಡಿ. ಅದೂ ನಮ್ಮ ಭಾಗದ ಇತಿಹಾಸವೇ.