ವಿಕ್ಟರ್ ಹ್ಯೂಗೋ: ಬರಹ ಹಲವು, ಹಟ ಒಂದು



ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಫ್ರಾನ್ಸಿನ ಕಥೆ ಸಾಮಾನ್ಯವಾಗಿ 1789ರ ಮಹಾಕ್ರಾಂತಿಯಿಂದ ಹೊರಟು ನೆಪೋಲಿಯನ್ನನ ಪತನಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಅರುವತ್ತು ವರ್ಷಗಳಲ್ಲಿ ಆ ದೇಶವು ರಾಜರನ್ನೂ, ಗಣರಾಜ್ಯವನ್ನೂ, ಮತ್ತೊಬ್ಬ ಚಕ್ರವರ್ತಿಯನ್ನೂ, ಪುನಃ ಗಣರಾಜ್ಯವನ್ನೂ ಕಂಡಿತು. ಈ ಏರಿಳಿತಗಳನ್ನೆಲ್ಲ ಒಬ್ಬನೇ ಮನುಷ್ಯನ ಬಾಳಿನಲ್ಲಿ ನೋಡಬೇಕೆಂದರೆ ವಿಕ್ಟರ್ ಹ್ಯೂಗೋನ ಚರಿತ್ರೆಯನ್ನು ಓದಬೇಕು.

ಹ್ಯೂಗೋ ಹುಟ್ಟಿದ್ದು 1802ರ ಫೆಬ್ರವರಿ 26ರಂದು, ಬೆಸಾನ್ಸೋನ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೇನೆಯ ಅಧಿಕಾರಿ, ತಾಯಿ ರಾಜಪಕ್ಷದವಳು. ದೇಶವನ್ನು ಸೀಳಿದ್ದ ಜಗಳ ಆ ಮನೆಯ ಹೊಸ್ತಿಲೊಳಗೂ ಇತ್ತು. ತಾಯಿಯ ಮಡಿಲಲ್ಲಿ ಬೆಳೆದ ಹುಡುಗ ಮೊದಲು ರಾಜಭಕ್ತನಾದ. 1822ರಲ್ಲಿ ಹೊರಬಂದ ಅವನ ಮೊದಲ ಕವನ ಸಂಕಲನವನ್ನು ಮೆಚ್ಚಿ ದೊರೆ ಹದಿನೆಂಟನೆಯ ಲೂಯಿ ಅವನಿಗೆ ವೇತನವನ್ನು ಗೊತ್ತುಮಾಡಿದ. ಆಗ ಅವನಿಗೆ ಇಪ್ಪತ್ತು ವರ್ಷ.

ಆ ಬಳಿಕ ಹ್ಯೂಗೋ ಕೈಯಾಡಿಸದ ಸಾಹಿತ್ಯ ಪ್ರಕಾರವಿಲ್ಲ. 1827ರ 'ಕ್ರಾಮ್‌ವೆಲ್' ನಾಟಕದ ಮುನ್ನುಡಿಯಲ್ಲಿ, ಹಳೆಯ ನಾಟಕ ನಿಯಮಗಳ ಕಟ್ಟು ಸಾಕು, ಬಾಳಿನಲ್ಲಿರುವಂತೆ ರಂಗದ ಮೇಲೂ ಭವ್ಯವಾದದ್ದು ವಿಕಾರವಾದದ್ದರ ಜೊತೆಗೇ ಇರಲಿ ಎಂದು ವಾದಿಸಿದ. 1830ರಲ್ಲಿ 'ಎರ್ನಾನಿ' ರಂಗಕ್ಕೆ ಬಂದಾಗ ಪ್ಯಾರಿಸ್ಸಿನ ನಾಟಕಶಾಲೆಯಲ್ಲಿ ಹಳೆಯ ರಸಿಕರಿಗೂ ಹೊಸ ತರುಣರಿಗೂ ರಾತ್ರಿ ರಾತ್ರಿಯೂ ಗದ್ದಲವೇ ನಡೆಯಿತು. 1832ರ ಇನ್ನೊಂದು ನಾಟಕದಲ್ಲಿ ರಾಜನೇ ಲಂಪಟನಾಗಿದ್ದ; ಒಂದೇ ಪ್ರದರ್ಶನದ ನಂತರ ಸರ್ಕಾರ ಅದನ್ನು ನಿಷೇಧಿಸಿತು. ಅದೇ ಕಥೆಯನ್ನು ಇಟಲಿಯ ವೆರ್ದಿ 1851ರಲ್ಲಿ 'ರಿಗೊಲೆಟೊ' ಎಂಬ ಗೀತನಾಟಕವನ್ನಾಗಿಸಿದ. ಹ್ಯೂಗೋ ಚಿತ್ರಕಾರನೂ ಹೌದು. ಮಸಿಯಲ್ಲಿ ಬರೆದ ಕೋಟೆ, ಕಡಲು, ಬಿರುಗಾಳಿಗಳ ಅವನ ಚಿತ್ರಗಳು ಸಾವಿರಗಟ್ಟಲೆ ಉಳಿದಿವೆ.

1831ರ 'ನೋತ್ರ್ ದಾಮ್ ದ ಪಾರಿ' ಕಾದಂಬರಿಯ ಸಂಗತಿ ಸ್ವಾರಸ್ಯವಾದುದು. ಅದರಲ್ಲಿ ಒಬ್ಬ ಪಾದ್ರಿ, ಮುದ್ರಿತ ಪುಸ್ತಕವು ಮುಂದೆ ಕಲ್ಲಿನ ಕಟ್ಟಡವನ್ನು ಕೊಲ್ಲುವುದೆಂದು ಹೇಳುತ್ತಾನೆ. ನಡೆದದ್ದು ತಿರುವುಮುರುವು. ಪಾಳು ಬೀಳುತ್ತಿದ್ದ ಆ ಇಗರ್ಜಿಯತ್ತ ಜನರ ಕಣ್ಣು ಹೊರಳಿಸಿದ್ದೇ ಈ ಪುಸ್ತಕ. 1840ರ ದಶಕದಲ್ಲಿ ದೊಡ್ಡ ಜೀರ್ಣೋದ್ಧಾರ ಆರಂಭವಾಯಿತು. 2019ರ ಏಪ್ರಿಲ್ 15ರಂದು ಅದೇ ಇಗರ್ಜಿ ಬೆಂಕಿಗೆ ತುತ್ತಾದಾಗ ಫ್ರೆಂಚರು ಮತ್ತೆ ಈ ಕಾದಂಬರಿಯನ್ನೇ ಕೊಂಡು ಓದಿದರು. 2024ರ ಡಿಸೆಂಬರಿನಲ್ಲಿ ಇಗರ್ಜಿ ಪುನಃ ತೆರೆಯಿತು.

ಕೀರ್ತಿಯ ಶಿಖರದಲ್ಲಿದ್ದಾಗಲೇ ದೊಡ್ಡ ಪೆಟ್ಟು ಬಿತ್ತು. 1843ರ ಸೆಪ್ಟೆಂಬರ್ 4ರಂದು ಹತ್ತೊಂಬತ್ತು ವರ್ಷದ ಮಗಳು ಲಿಯೋಪೋಲ್ದೀನ್ ಪತಿಯೊಡನೆ ಸೇನ್ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡಳು. ಮದುವೆಯಾಗಿ ಏಳು ತಿಂಗಳೂ ತುಂಬಿರಲಿಲ್ಲ. ಪ್ರವಾಸದಲ್ಲಿದ್ದ ತಂದೆಗೆ ಸುದ್ದಿ ತಿಳಿದದ್ದು ಕೆಲವು ದಿನಗಳ ನಂತರ, ವೃತ್ತಪತ್ರಿಕೆಯಿಂದ. ಅನಂತರ ಬಹುಕಾಲ ಅವನು ಮುಖ್ಯವಾದ ಸಾಹಿತ್ಯ ಕೃತಿಯೊಂದನ್ನೂ ಪ್ರಕಟಿಸಲಿಲ್ಲ. 1856ರಲ್ಲಿ ಬಂದ ಕವನ ಸಂಕಲನ 'ಕೊಂತಾಂಪ್ಲಾಸ್ಯೋನ್'ನಲ್ಲಿ 'ಅಂದು', 'ಇಂದು' ಎಂಬ ಎರಡು ಭಾಗಗಳಿವೆ. ನಡುವಿನ ಗೆರೆ ಮಗಳ ಸಾವು.

ರಾಜಕೀಯದಲ್ಲಿ ಹ್ಯೂಗೋ ಪಕ್ಷ ಬದಲಾಯಿಸಿದ ಎಂಬ ಆಕ್ಷೇಪ ಉಂಟು. ಅದು ಸುಳ್ಳಲ್ಲ. ರಾಜನಿಂದ ವೇತನ ಪಡೆದವನು, 1845ರಲ್ಲಿ ಮೇಲ್ಮನೆಯ ಸದಸ್ಯನಾದವನು, 1848ರಲ್ಲಿ ಲೂಯಿ ನೆಪೋಲಿಯನ್ ಅಧ್ಯಕ್ಷನಾಗಲೆಂದು ಬೆಂಬಲಿಸಿದವನೂ ಇವನೇ. ಆದರೆ ಗಾಳಿ ಬಂದಾಗ ತೂರಿಕೊಳ್ಳುವವನಿಗೆ ಕೊನೆಗೆ ಕಾಳು ಸಿಗಬೇಕಷ್ಟೆ? ಇವನಿಗೆ ಸಿಕ್ಕಿದ್ದು ದೇಶಭ್ರಷ್ಟತೆ. 1851ರ ಡಿಸೆಂಬರ್ 2ರಂದು ಲೂಯಿ ನೆಪೋಲಿಯನ್ ಬಲಾತ್ಕಾರದಿಂದ ಅಧಿಕಾರ ಕಬಳಿಸಿದಾಗ ಹ್ಯೂಗೋ ಪ್ರತಿಭಟಿಸಿ, ಸುಳ್ಳು ಹೆಸರಿನಲ್ಲಿ ಬ್ರಸೆಲ್ಸಿಗೆ ಪಾರಾದ. ಅಲ್ಲಿಂದ ಜರ್ಸಿ, ಬಳಿಕ ಗರ್ನ್ಸಿ ದ್ವೀಪ. 1859ರಲ್ಲಿ ಚಕ್ರವರ್ತಿ ಕ್ಷಮಾದಾನ ಘೋಷಿಸಿದರೂ ಇವನು ಒಪ್ಪಲಿಲ್ಲ. ಆ ಆಳ್ವಿಕೆ ಕುಸಿದ ಮೇಲೆಯೇ, 1870ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿಗೆ ಕಾಲಿಟ್ಟ. ಹತ್ತೊಂಬತ್ತು ವರ್ಷಕ್ಕೆ ಮೂರು ತಿಂಗಳು ಕಡಿಮೆ!

1862ರಲ್ಲಿ ಪ್ರಕಟವಾದ 'ಲೆ ಮಿಸೆರಾಬ್ಲ್' ಮುಗಿದದ್ದು ಈ ವನವಾಸದಲ್ಲಿಯೇ. ಅಕ್ಕನ ಹಸಿದ ಮಕ್ಕಳಿಗಾಗಿ ರೊಟ್ಟಿ ಕದ್ದ ಜೀನ್ ವಾಲ್ಜೀನ್‌ನೂ ಹತ್ತೊಂಬತ್ತು ವರ್ಷ ಸೆರೆಯಲ್ಲಿರುತ್ತಾನೆ. ಕಥೆಯ ನಡುವೆ ವಾಟರ್ಲೂ ಯುದ್ಧ, ಪ್ಯಾರಿಸ್ಸಿನ ಒಳಚರಂಡಿಗಳ ಉದ್ದುದ್ದ ವರ್ಣನೆಗಳು ಬಂದು ಓದುಗರ ತಾಳ್ಮೆಯನ್ನು ಪರೀಕ್ಷಿಸುವುದುಂಟು. ಆದರೂ ಕದ್ದ ಬೆಳ್ಳಿಯನ್ನು ಬಿಷಪ್ ತಾನೇ ಕೊಟ್ಟೆನೆಂದು ಹೇಳಿ ಕಳ್ಳನನ್ನು ಉಳಿಸುವ ಪ್ರಸಂಗವನ್ನು ಓದಿದವರು ಮರೆಯಲಾರರು. ಅದೇ ವರ್ಷದಿಂದ ಹ್ಯೂಗೋ ಗರ್ನ್ಸಿಯ ತನ್ನ ಮನೆಗೆ ಬಡ ಮಕ್ಕಳನ್ನು ಕರೆದು ನಿಯಮವಾಗಿ ಊಟ ಹಾಕಿಸುತ್ತಿದ್ದ.

ಇಷ್ಟು ಬಗೆಯ ಬರಹಗಳಲ್ಲಿ, ಇಷ್ಟು ಬದಲಾವಣೆಗಳ ನಡುವೆ, ಬದಲಾಗದೆ ಉಳಿದದ್ದೇನು? ನನಗೆ ತೋರುವ ಉತ್ತರ ಮರಣದಂಡನೆಯ ವಿರೋಧ. 1829ರಲ್ಲಿ, ಇನ್ನೂ ರಾಜರ ಕಾಲದಲ್ಲೇ, ಹೆಸರು ಹಾಕದೆ ಪ್ರಕಟಿಸಿದ 'ಮರಣದಂಡಿತನೊಬ್ಬನ ಕೊನೆಯ ದಿನ' ಎಂಬ ಕಿರುಕಾದಂಬರಿಯಲ್ಲಿ ಕೈದಿಯೇ ಮಾತಾಡುತ್ತಾನೆ. ಅವನ ಹೆಸರೇನು, ಮಾಡಿದ ಅಪರಾಧವೇನು ಎಂಬುದನ್ನು ಹ್ಯೂಗೋ ತಿಳಿಸುವುದೇ ಇಲ್ಲ. ತಿಳಿದರೆ ನಾವು ಅಪರಾಧವನ್ನು ತೂಗತೊಡಗುತ್ತೇವೆ, ಶಿಕ್ಷೆಯನ್ನು ನೋಡುವುದಿಲ್ಲ. 1848ರಲ್ಲಿ ಸಂಸತ್ತಿನಲ್ಲಿ ನಿಂತು ಈ ಶಿಕ್ಷೆ ರದ್ದಾಗಲೆಂದ. 1851ರಲ್ಲಿ ಮರಣದಂಡನೆಯೊಂದನ್ನು ಖಂಡಿಸಿ ಬರೆದ ಮಗ ಶಾರ್ಲ್‌ನನ್ನು ನ್ಯಾಯಾಲಯಕ್ಕೆ ಎಳೆದಾಗ ತಂದೆಯೇ ಅವನ ಪರವಾಗಿ ವಾದಿಸಿದ. ಮಗನಿಗೆ ಆರು ತಿಂಗಳ ಸೆರೆಯಾಯಿತು. 1859ರಲ್ಲಿ ಅಮೆರಿಕದ ಗುಲಾಮಗಿರಿ ವಿರೋಧಿ ಜಾನ್ ಬ್ರೌನನನ್ನು ಗಲ್ಲಿಗೇರಿಸದಿರಿ ಎಂದು ದ್ವೀಪದಿಂದ ಪತ್ರ ಬರೆದ. ಅದು ಫಲಿಸಲಿಲ್ಲ.

ಅವನ ಕೊನೆಯ ಕಾದಂಬರಿ 1874ರ 'ತೊಂಬತ್ತಮೂರು'. ಕ್ರಾಂತಿಯ ಕಾಲದ ವಾಂದೇ ಪ್ರಾಂತ್ಯದ ದಂಗೆ ಅದರ ವಸ್ತು. ರಾಜಪಕ್ಷದ ಮುದಿ ನಾಯಕ ತಪ್ಪಿಸಿಕೊಂಡಿದ್ದರೂ, ಉರಿಯುವ ಕೋಟೆಯಲ್ಲಿ ಸಿಕ್ಕಿಕೊಂಡ ಮೂರು ಮಕ್ಕಳನ್ನು ಉಳಿಸಲು ಹಿಂದಿರುಗಿ ಸೆರೆಸಿಕ್ಕುತ್ತಾನೆ. ಗಣರಾಜ್ಯದ ತರುಣ ದಳಪತಿ ಅವನನ್ನು ಬಿಟ್ಟುಕೊಟ್ಟು ತಾನೇ ಗಿಲೋಟಿನ್ನಿಗೆ ತಲೆಯೊಡ್ಡುತ್ತಾನೆ. ಹ್ಯೂಗೋನ ತಂದೆ ಅದೇ ವಾಂದೇಯಲ್ಲಿ ಗಣರಾಜ್ಯದ ಪರವಾಗಿ ಹೋರಾಡಿದ್ದವನು. ತಂದೆತಾಯಿಯರ ಜಗಳಕ್ಕೆ ಮಗ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರ್ಪಿತ್ತಂತಾಯಿತು: ಪಕ್ಷ ಯಾವುದಾದರೂ ಇರಲಿ, ಕರುಣೆ ತೋರಿದವನೇ ದೊಡ್ಡವನು.

1885ರ ಮೇ 22ರಂದು ಹ್ಯೂಗೋ ತೀರಿಕೊಂಡ. ಬಡವರಿಗೆ ಐವತ್ತು ಸಾವಿರ ಫ್ರಾಂಕುಗಳನ್ನು ಬರೆದಿಟ್ಟು, ತನ್ನ ದೇಹವನ್ನು ಬಡವರ ಶವಗಾಡಿಯಲ್ಲೇ ಒಯ್ಯಬೇಕೆಂದಿದ್ದ. ಹಾಗೆಯೇ ಒಯ್ದರು, ಹಿಂದೆ ಲಕ್ಷಾಂತರ ಜನ. ಸರ್ಕಾರ ಅವನನ್ನು ಪಾಂತೆಯೋನ್‌ನಲ್ಲಿ ಇರಿಸಿ ಗೌರವಿಸಿತು. ಆದರೆ ಅವನು ಕೇಳಿದ್ದ ಕಾನೂನು ಬರಲು ಮತ್ತೆ ತೊಂಬತ್ತಾರು ವರ್ಷ ಬೇಕಾಯಿತು. ಫ್ರಾನ್ಸ್ ಮರಣದಂಡನೆಯನ್ನು ರದ್ದುಪಡಿಸಿದ್ದು 1981ರಲ್ಲಿ.

ಹ್ಯೂಗೋನನ್ನು ಎಲ್ಲಿಂದ ಓದಲು ತೊಡಗಬೇಕೆಂದು ಕೇಳುವವರಿಗೆ ನನ್ನ ಸಲಹೆ ಇಷ್ಟೆ. ದಪ್ಪ ಗ್ರಂಥಗಳು ಆಮೇಲಿರಲಿ. ಹೆಸರಿಲ್ಲದ ಆ ಕೈದಿಯ ತೆಳುವಾದ ಪುಸ್ತಕದಿಂದ ಆರಂಭಿಸಿ. ಓದಿ ಮುಗಿಸಲು ಒಂದು ಸಂಜೆ ಸಾಕು.